ಐಲ್ ರಾಯಲ್ ದ್ವೀಪಕ್ಕೆ ಎಂಟು ಮಂದಿ, ಐದು ರಾತ್ರಿ: ದೋಣಿ, ದಾರಿ, ನೀರು, ಊಟದ ಲೆಕ್ಕ

ತುಂಗಾತೀರ:
ಆಗಸ್ಟ್ ಎರಡನೇ ವಾರ ಸುಪೀರಿಯರ್ ಸರೋವರದ ಐಲ್ ರಾಯಲ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಯೋಚನೆ. ಷಿಕಾಗೊದಿಂದ ನಾಲ್ವರು, ಮಿನಿಯಾಪೊಲಿಸ್‌ನಿಂದ ಇಬ್ಬರು, ಜೊತೆಗೆ 9 ಮತ್ತು 12 ವರ್ಷದ ಮಕ್ಕಳು. ದೊಡ್ಡವರೆಲ್ಲ ಕುಮಾರಪರ್ವತ, ಕುದುರೆಮುಖ ಹತ್ತಿದವರು. ಆದರೆ ಟೆಂಟು, ಊಟ ಎಲ್ಲ ಹೊತ್ತು ದಿನಗಟ್ಟಲೆ ನಡೆದ ರೂಢಿ ಯಾರಿಗೂ ಇಲ್ಲ. ಎಲ್ಲರೂ ಸಸ್ಯಾಹಾರಿಗಳು.

ಈಗಿನ ಯೋಜನೆ: ಮಿಷಿಗನ್‌ನ ಹೋಟನ್‌ನಲ್ಲಿ ಎಲ್ಲರೂ ಸೇರಿ ರೇಂಜರ್ 3 ಹಡಗು ಹತ್ತುವುದು, ರಾಕ್ ಹಾರ್ಬರ್‌ನಲ್ಲಿ ಇಳಿದು ಗ್ರೀನ್‌ಸ್ಟೋನ್ ಏಣಿನ (ದ್ವೀಪದುದ್ದಕ್ಕೂ ಹಬ್ಬಿದ ಬೆಟ್ಟಸಾಲಿನ ನೆತ್ತಿ) ಮೇಲೆ ಸುಮಾರು 40 ಮೈಲಿ ನಡೆದು ಪಶ್ಚಿಮ ತುದಿಯ ವಿಂಡಿಗೊ ತಲುಪುವುದು. ಐದು ರಾತ್ರಿ ಸಾಕಾ? ನೀರು ಶುದ್ಧ ಮಾಡಲು ಯುವಿ (ನೇರಳಾತೀತ ಬೆಳಕಿನ) ಪೆನ್ ಇದೆ, ಅದು ನಡೆಯುತ್ತಾ? ಗ್ಯಾಸ್ ಎಷ್ಟು ಬೇಕು? ಜಾಗ ಮೊದಲೇ ಕಾಯ್ದಿರಿಸಬೇಕಾ?

ನಕ್ಷೆನೋಡುಗ:
ಐದು ರಾತ್ರಿ ಸಾಕಾ ಅನ್ನುವುದಕ್ಕಿಂತ ಮುಂಚೆ, ವಿಂಡಿಗೊ ತಲುಪಿದ ಮೇಲೆ ಹೋಟನ್‌ಗೆ ವಾಪಸ್ ಬರೋದು ಹೇಗೆ ಅಂತ ನೋಡಿ. ರೇಂಜರ್ 3 ನಿಮ್ಮನ್ನು ಇಳಿಸುವುದೂ ಹತ್ತಿಸಿಕೊಳ್ಳುವುದೂ ರಾಕ್ ಹಾರ್ಬರ್‌ನಲ್ಲಿ. ದ್ವೀಪದ ಉದ್ದ ಸುಮಾರು 45 ಮೈಲಿ. ರಸ್ತೆ ಇಲ್ಲ, ವಾಹನ ಇಲ್ಲ, ಸೈಕಲ್ಲಿಗೂ ಅನುಮತಿ ಇಲ್ಲ. ನಿಮ್ಮ ಯೋಜನೆಯಂತೆ ನಡೆದರೆ ದ್ವೀಪದ ಒಂದು ತುದಿಯಲ್ಲಿ ನೀವು, ಇನ್ನೊಂದು ತುದಿಯಲ್ಲಿ ನಿಮ್ಮ ಹಡಗು.

ಎರಡು ತುದಿಗಳನ್ನೂ ಮುಟ್ಟುವ ದೋಣಿ ವಾಯೇಜರ್ 2 ಒಂದೇ. ಅದು ಹೊರಡುವುದು ಮಿನ್ನೆಸೋಟದ ಗ್ರ್ಯಾಂಡ್ ಪೋರ್ಟೇಜ್‌ನಿಂದ. ಸುಮಾರು ಎರಡು ಗಂಟೆಯಲ್ಲಿ ವಿಂಡಿಗೊ, ಅಲ್ಲಿಂದ ಉತ್ತರ ದಡದುದ್ದಕ್ಕೂ ಮಕಾರ್ಗೊ ಕೋವ್, ಬೆಲ್ ಐಲ್‌ಗಳಲ್ಲಿ ನಿಂತು ಸಂಜೆಗೆ ರಾಕ್ ಹಾರ್ಬರ್. ಮರುದಿನ ದಕ್ಷಿಣ ದಡ ಹಿಡಿದು ವಾಪಸ್. ಏಣನ್ನು ಪೂರ್ತಿ ನಡೆಯುವವರು ಕಾರು ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ಬಿಟ್ಟು, ಈ ದೋಣಿಯಲ್ಲಿ ರಾಕ್ ಹಾರ್ಬರ್‌ಗೆ ಹೋಗಿ, ಅಲ್ಲಿಂದ ವಿಂಡಿಗೊ ಕಡೆಗೆ ನಡೆಯುತ್ತಾರೆ. ದೊಡ್ಡ ಸವಾರಿ ಮೊದಲ ದಿನವೇ ಮುಗಿದಿರುತ್ತದೆ, ಕೊನೆಗೆ ಎರಡು ಗಂಟೆಯ ಪ್ರಯಾಣ ಮಾತ್ರ ಉಳಿಯುತ್ತದೆ.

ಉಳಿದವು ಹೀಗೆ. ರೇಂಜರ್ 3 ಉದ್ಯಾನದವರದೇ ಹಡಗು, 165 ಅಡಿ ಉದ್ದ, ಹೋಟನ್‌ನಿಂದ ಸುಮಾರು 6 ಗಂಟೆ. ಕ್ವೀನ್ 4 ಕಾಪರ್ ಹಾರ್ಬರ್‌ನಿಂದ ಮೂರು, ಮೂರೂವರೆ ಗಂಟೆ, ಅದೂ ರಾಕ್ ಹಾರ್ಬರ್‌ಗೇ. ಸೀ ಹಂಟರ್ ಗ್ರ್ಯಾಂಡ್ ಪೋರ್ಟೇಜ್‌ನಿಂದ ವಿಂಡಿಗೊಗೆ ಮಾತ್ರ. ಸೀಪ್ಲೇನ್ (ನೀರಿನ ಮೇಲಿಳಿಯುವ ಪುಟ್ಟ ವಿಮಾನ) ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ, ಆದರೆ ಮಂಜು ಕವಿದರೆ ಹಾರುವುದಿಲ್ಲ. ಇಲ್ಲಿ ಮಂಜು ಬೇಸಿಗೆಯಲ್ಲೂ ಮಾಮೂಲು.

ಮೊದಲು ದೋಣಿ, ಆಮೇಲೆ ದಾರಿ. ಇದು ತಿರುಗುಮುರುಗಾದರೆ ಮಿಕ್ಕ ಲೆಕ್ಕವೆಲ್ಲ ವ್ಯರ್ಥ.

ಸುಪೀರಿಯರ್_ಸೀನ:
ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಮೊದಲ ಸಾಲಿನಲ್ಲೇ ಇದೆ. ಆರು ದೊಡ್ಡವರು, ಇಬ್ಬರು ಮಕ್ಕಳು, ಒಟ್ಟು ಎಂಟು.

ಆರು ಜನರವರೆಗಿನ ತಂಡಕ್ಕೆ ಕಾಯ್ದಿರಿಸುವ ಗೊಡವೆ ಇಲ್ಲ. ದ್ವೀಪಕ್ಕೆ ಬಂದಾಗ, ರೇಂಜರ್ 3ರಲ್ಲಾದರೆ ಹಡಗಿನಲ್ಲೇ, ಯಾವ ರಾತ್ರಿ ಎಲ್ಲಿ ಅಂತ ಹೇಳಿ ಪರವಾನಗಿ ಬರೆಸಿಕೊಂಡರಾಯಿತು. ಶಿಬಿರಗಳಲ್ಲಿ ಮೊದಲು ಬಂದವರಿಗೆ ಮೊದಲ ಜಾಗ. 7ರಿಂದ 10 ಜನರಿದ್ದರೆ ಮಾತ್ರ ಗುಂಪು ಪರವಾನಗಿ ಬೇಕು: ಮುಂಗಡ ಕಾಯ್ದಿರಿಸಬೇಕು, ಶುಲ್ಕ ಇದೆ, ಯಾವ ರಾತ್ರಿ ಎಲ್ಲಿ ಎಂಬುದನ್ನು ಆಗಲೇ ನಿಗದಿ ಮಾಡಬೇಕು. ಮಲಗುವುದು ಗುಂಪಿಗೆ ಮೀಸಲಾದ ಟೆಂಟು ಜಾಗಗಳಲ್ಲಿ. ದಡದ ಶಿಬಿರಗಳಲ್ಲಿರುವ ಮರದ ಶೆಲ್ಟರ್‌ಗಳು (ಮೂರು ಗೋಡೆ, ಮುಂದುಗಡೆ ಸೊಳ್ಳೆಜಾಲರಿ) ಆರು ಜನರ ಒಳಗಿನ ತಂಡಗಳಿಗೆ. ಲೆಕ್ಕದಲ್ಲಿ ಮಕ್ಕಳೂ ತಲೆಗಳೇ.

ಗುಂಪು ಜಾಗಗಳು ಕಡಿಮೆ, ಆಗಸ್ಟ್‌ಗೆ ಬೇಗ ತುಂಬುತ್ತವೆ. ಹಡಗಿನ ಟಿಕೆಟ್ಟಿಗೂ ಮುಂಚೆ ಇದನ್ನು ವಿಚಾರಿಸಿ.

ತುಂಗಾತೀರ:
ಇದು ಗೊತ್ತೇ ಇರಲಿಲ್ಲ. ನಾಲ್ಕು ನಾಲ್ಕು ಜನರ ಎರಡು ತಂಡ ಅಂತ ಬರೆಸಿದರೆ?

ಸುಪೀರಿಯರ್_ಸೀನ:
ಒಟ್ಟಿಗೆ ಬಂದು, ಒಟ್ಟಿಗೆ ಉಂಡು, ಕಾಗದದ ಮೇಲೆ ಮಾತ್ರ ಬೇರೆಯಾಗುವುದಕ್ಕೆ ಒಪ್ಪುವುದಿಲ್ಲ. ನಿಯಮ ಇರುವುದೇ ಆ ಉಪಾಯವನ್ನು ತಡೆಯಲು. ನಿಜವಾಗಿಯೂ ಬೇರೆ ಬೇರೆ ದಾರಿಯಲ್ಲಿ ಹೋಗಿ, ರಾತ್ರಿ ಬೇರೆ ಬೇರೆ ಕಡೆ ತಂಗುವುದಾದರೆ ಅದು ಬೇರೆ ಮಾತು. ಇನ್ನೊಂದು ಸಾಧ್ಯತೆ: ಇಬ್ಬರು ರಾಕ್ ಹಾರ್ಬರ್ ಲಾಡ್ಜಿನಲ್ಲಿ ಉಳಿಯುವುದು. ಖರ್ಚು ಜೋರು, ಆದರೆ ಬೆನ್ನುಹೊರೆ ಇಷ್ಟವಿಲ್ಲದ ಅಜ್ಜ ಅಜ್ಜಿ ಜೊತೆಗಿದ್ದರೆ ಅದೇ ಸರಿ.

ಧಾರವಾಡ_ಪೇಡೆ:
ಎಲ್ಲಾರೂ ಸೇರಿ ಅವರಿಗೆ ಏಣು ಬಿಡಸಾಕ ಹತ್ತೀರಲ್ಲ! ಗ್ರೀನ್‌ಸ್ಟೋನ್ ಅಂದ್ರ ಅಂಥಾ ಭೂತ ಏನಲ್ಲರಿ. ದ್ವೀಪದ ತುತ್ತತುದಿ ಮೌಂಟ್ ಡೆಸೋರ್, ಅದೂ 1,394 ಅಡಿ. ಕುದುರೆಮುಖ ಹತ್ತಿದವರಿಗೆ ಇದೇನು ಏರು? ಕಾರು ಗ್ರ್ಯಾಂಡ್ ಪೋರ್ಟೇಜ್‌ನಾಗ ಬಿಟ್ಟು ನಡೀಲಿ. ರಾಕ್ ಹಾರ್ಬರ್‌ದಿಂದ ಡೇಸಿ ಫಾರ್ಮ್ 7 ಮೈಲಿ, ಆಮ್ಯಾಲೆ ವೆಸ್ಟ್ ಚಿಕನ್‌ಬೋನ್, ಹ್ಯಾಚೆಟ್ ಲೇಕ್, ಸೌತ್ ಡೆಸೋರ್ ಮೂರೂ ಸುಮಾರು ಎಂಟೆಂಟು ಮೈಲಿ ಅಂತರ. ಕಡೀ ದಿನ ವಿಂಡಿಗೊಕ್ಕ 11-12 ಮೈಲಿ. ಐದು ದಿನದಾಗ ಆರಾಮ ಮುಗೀತದ.

ಚಾರಣಚಟ:
ಎತ್ತರದ ಲೆಕ್ಕ ಸರಿ, ಆದರೆ ಇಲ್ಲಿ ಕಾಲು ಸೋಲುವುದು ಏರಿನಿಂದಲ್ಲ. ನೆಲವೆಲ್ಲ ಬೇರು, ಸಡಿಲ ಕಲ್ಲು. ಜವುಗಿರುವಲ್ಲಿ ಹಲಗೆ ಹಾಸಿದ್ದಾರೆ, ಮಳೆಯಲ್ಲಿ ಆ ಹಲಗೆ ಜಾರುತ್ತದೆ. ಹಗಲಿನ ಚಾರಣದಲ್ಲಿ ಗಂಟೆಗೆ ಎರಡೂವರೆ ಮೈಲಿ ಹೋಗುವವರು 15 ಕಿಲೋ ಹೊತ್ತರೆ ಒಂದೂವರೆಗೆ ಇಳಿಯುತ್ತಾರೆ. ಏಣಿನ ಮೇಲೆ ಶಿಬಿರಗಳ ನಡುವೆ ನೀರಿಲ್ಲ. ಎಂಟು ಮೈಲಿಗೆ ತಲೆಗೆ 2-3 ಲೀಟರ್ ಹೊರಬೇಕು. ನಡುವಿನ ಶಿಬಿರಗಳಲ್ಲಿ ಶೆಲ್ಟರ್ ಇಲ್ಲ, ಮಳೆ ಬಂದರೆ ಟೆಂಟೇ ಗತಿ. ಕೊನೆಯ 12 ಮೈಲಿಯನ್ನು ಒಡೆಯಲು ಐಲ್ಯಾಂಡ್ ಮೈನ್ ಶಿಬಿರ ಇದೆ ನಿಜ, ಆದರೆ ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಅಲ್ಲಿನ ತೊರೆ ಬತ್ತುತ್ತದೆ. ಹೊರಡುವ ಮುಂಚೆ ರೇಂಜರ್‌ಗಳನ್ನು ಕೇಳಲೇಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ಬಿಟ್ಟುಬರುವುದು ಸುಲಭವಲ್ಲ. ಎರಡನೇ ದಿನ ಒಂಬತ್ತು ವರ್ಷದ ಮಗುವಿನ ಹಿಮ್ಮಡಿ ಬೊಕ್ಕೆ ಬಂದರೆ ಹಿಂದಕ್ಕೂ ಎಂಟು, ಮುಂದಕ್ಕೂ ಎಂಟು ಮೈಲಿ. ವಿಂಡಿಗೊದಿಂದ ದೋಣಿ ಇರುವುದು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ.

ಪಶ್ಚಿಮದ ಕಾಡೇ ಬೇಕು ಅನ್ನುವ ದೊಡ್ಡವರಿಗೆ ಫೆಲ್ಟ್‌ಮನ್ ಸುತ್ತು ವಾಸಿ. ವಿಂಡಿಗೊದಿಂದ ಫೆಲ್ಟ್‌ಮನ್ ಲೇಕ್ ಎಂಟೂವರೆ, ಸಿಸ್ಕಿವಿಟ್ ಬೇ ಹತ್ತು ಚಿಲ್ಲರೆ, ಐಲ್ಯಾಂಡ್ ಮೈನ್ ನಾಲ್ಕೂವರೆ, ಮರಳಿ ವಿಂಡಿಗೊ ಆರೂವರೆ, ಒಟ್ಟು ಸುಮಾರು 30 ಮೈಲಿ. ಶುರುವಾದಲ್ಲೇ ಮುಗಿಯುವುದರಿಂದ ಎರಡು ತುದಿಗಳ ದೋಣಿ ಹೊಂದಿಸುವ ತಲೆನೋವಿಲ್ಲ.

ಧಾರವಾಡ_ಪೇಡೆ:
ಹುಡುಗೂರು ಅದಾವ ಅನ್ನೂದು ಖರೇನ. ದೊಡ್ಡವರಷ್ಟ ಹೋದಾಗ ಮಾತ್ರ ಏಣು ಬಿಡಬ್ಯಾಡ್ರಿ.

ನಕ್ಷೆನೋಡುಗ:
ಮಕ್ಕಳಿರುವ ತಂಡಕ್ಕೆ ಡೇಸಿ ಫಾರ್ಮ್ ಅನ್ನು ತಳವಾಗಿಸಿ. ರೇಂಜರ್ 3 ಸಾಮಾನ್ಯವಾಗಿ ಮಂಗಳವಾರ, ಶುಕ್ರವಾರ ದ್ವೀಪಕ್ಕೆ ಹೋಗಿ ಬುಧವಾರ, ಶನಿವಾರ ವಾಪಸಾಗುತ್ತದೆ. ಅಂದರೆ ಮಂಗಳವಾರ ಹೋದರೆ ಶನಿವಾರಕ್ಕೆ ನಾಲ್ಕು ರಾತ್ರಿ, ಶುಕ್ರವಾರ ಹೋದರೆ ಬುಧವಾರಕ್ಕೆ ಐದು. ನಿಮಗೆ ಎರಡನೆಯದು.

ಶುಕ್ರವಾರ ಮಧ್ಯಾಹ್ನ ಮೂರರ ಸುಮಾರಿಗೆ ಇಳಿಯುತ್ತೀರಿ. ದ್ವೀಪ ಪೂರ್ವ ಕಾಲವಲಯದ ಪಶ್ಚಿಮದ ಅಂಚಿನಲ್ಲಿರುವುದರಿಂದ ಆಗಸ್ಟ್ ಮಧ್ಯದಲ್ಲೂ ರಾತ್ರಿ 9ರ ಆಸುಪಾಸಿನವರೆಗೆ ಬೆಳಕಿರುತ್ತದೆ. ಮೂರು ಮೈಲಿಗೆ ಕೊಂಚ ಕಡಿಮೆ ದೂರದ ಥ್ರೀ ಮೈಲ್ ಶಿಬಿರವನ್ನು ಸಲೀಸಾಗಿ ಮುಟ್ಟಬಹುದು. ಹೋಗುವಾಗ ರಾಕ್ ಹಾರ್ಬರ್ ಬದಿಯ ದಾರಿಗಿಂತ ಟೋಬಿನ್ ಹಾರ್ಬರ್ ದಾರಿ ಹಿಡಿಯಿರಿ. ಅಲ್ಲಿ ನೆಲ ಮೆತ್ತಗಿದೆ, ಕಲ್ಲು ಕಡಿಮೆ, ಹೊರೆ ತುಂಬಿರುವ ಮೊದಲ ದಿನಕ್ಕೆ ಹಿತ. ಶನಿವಾರ ನಾಲ್ಕು ಮೈಲಿ ಚಿಲ್ಲರೆ ನಡೆದರೆ ಡೇಸಿ ಫಾರ್ಮ್. ಅಲ್ಲಿ ಮೂರು ರಾತ್ರಿ. ಒಂದು ದಿನ ಬರಿಗೈಯಲ್ಲಿ ಮೌಂಟ್ ಓಜಿಬ್ವೆ ಗೋಪುರ, ಒಂದೊಂದು ಕಡೆಗೆ 1.7 ಮೈಲಿ. ಇನ್ನೊಂದು ದಿನ ಮಾಸ್ಕಿ ಬೇಸಿನ್, ಒಂದು ಕಡೆಗೆ ಸುಮಾರು ನಾಲ್ಕು ಮೈಲಿ. ಮಕ್ಕಳು ಬೇಡ ಅಂದರೆ ದೊಡ್ಡವರಷ್ಟೇ ಹೋಗಿಬರಬಹುದು.

ಮಂಗಳವಾರ ರಾತ್ರಿ ಕಡ್ಡಾಯವಾಗಿ ರಾಕ್ ಹಾರ್ಬರ್‌ನಲ್ಲೇ ತಂಗಿ. ಹಡಗು ಬೆಳಿಗ್ಗೆ ಹೊರಡುತ್ತದೆ. ಥ್ರೀ ಮೈಲ್‌ನಿಂದ ಮುಂಜಾನೆ ಟೆಂಟು ಬಿಚ್ಚಿ ಓಡಿಬರುತ್ತೇವೆ ಅನ್ನುವವರ ಪೈಕಿ ಕೆಲವರು ತಪ್ಪಿಸಿಕೊಳ್ಳುತ್ತಾರೆ, ಮುಂದಿನ ಹಡಗು ಮೂರು ದಿನ ಆದಮೇಲೆ. ಬೇಸಿಗೆಯಲ್ಲಿ ರಾಕ್ ಹಾರ್ಬರ್ ಮತ್ತು ಥ್ರೀ ಮೈಲ್ ಎರಡರಲ್ಲೂ ಸತತ ಒಂದೇ ರಾತ್ರಿಯ ಮಿತಿ, ಡೇಸಿ ಫಾರ್ಮ್‌ನಲ್ಲಿ ಮೂರು. ಈ ಯೋಜನೆ ಆ ಮಿತಿಯೊಳಗೇ ಕೂರುತ್ತದೆ.

ಮಂಗಳವಾರದ ಏಳು ಮೈಲಿ ಮಕ್ಕಳಿಗೆ ಹೆಚ್ಚೆನಿಸಿದರೆ ರಾಕ್ ಹಾರ್ಬರ್‌ನಿಂದ ವಾಟರ್ ಟ್ಯಾಕ್ಸಿ ಕರೆಸಬಹುದು, ಡೇಸಿ ಫಾರ್ಮ್‌ನಲ್ಲಿ ದೋಣಿಕಟ್ಟೆ ಇದೆ. ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಿ, ಅಲ್ಲಿ ನಿಂತು ಫೋನ್ ಮಾಡಲು ಆಗುವುದಿಲ್ಲ.

ಟೊರೊಂಟೊ_ತಿಮ್ಮ:
ಗ್ರ್ಯಾಂಡ್ ಪೋರ್ಟೇಜ್ ಕಡೆಯಿಂದ ಹೋಗುವವರಿಗೆ ಒಂದು ಎಚ್ಚರಿಕೆ. ಮಿನ್ನೆಸೋಟದಲ್ಲಿ ಕೇಂದ್ರ ಕಾಲ, ದ್ವೀಪದಲ್ಲಿ ಪೂರ್ವ ಕಾಲ, ಒಂದು ಗಂಟೆ ಮುಂದೆ. ವಿಂಡಿಗೊದಿಂದ ದೋಣಿ ಇಷ್ಟು ಗಂಟೆಗೆ ಅಂದರೆ ಯಾವ ಗಂಟೆ ಅಂತ ಟಿಕೆಟ್ ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನ ಗಡಿಯಾರ ನಂಬಬೇಡಿ. ಏಣಿನ ಮೇಲೆ ಕೆಲವೊಮ್ಮೆ ಥಂಡರ್ ಬೇ ಕಡೆಯ ಕೆನಡಾ ಸಿಗ್ನಲ್ ಸಿಕ್ಕು ರೋಮಿಂಗ್ ಶುರುವಾಗುತ್ತದೆ. ಸಮಯ ಕೈಯಿಂದ ಹೊಂದಿಸಿ, ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಿ. ಕೈಗಡಿಯಾರ ಇದ್ದರೆ ಇನ್ನೂ ಒಳ್ಳೆಯದು.

ಒಂಟಾರಿಯೊದಿಂದ ಬರುವ ನಮ್ಮವರು ಪಿಜನ್ ರಿವರ್ ಗಡಿ ದಾಟಬೇಕು. ಕೆನಡಾದ ಪಿಆರ್ (ಕಾಯಂ ವಾಸದ) ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬೇಕೇ ಬೇಕು. ಅಮೆರಿಕದಲ್ಲಿ ಎಚ್1ಬಿ (ಕೆಲಸದ), ಎಫ್1 (ವಿದ್ಯಾರ್ಥಿ) ವೀಸಾ ಮೇಲಿರುವವರೂ ಮೂಲ ದಾಖಲೆ ಜೊತೆಗಿಟ್ಟುಕೊಳ್ಳಿ, ಗಡಿ ಹತ್ತಿರದ ಹೆದ್ದಾರಿ ಅದು.

ಸುಪೀರಿಯರ್_ಸೀನ:
ಶುಲ್ಕದ ಮಾತು ಚುಟುಕಾಗಿ. ತಲೆಗೆ ದಿನಕ್ಕೆ 7 ಡಾಲರ್, 15 ವರ್ಷ ಮತ್ತು ಅದಕ್ಕೂ ಚಿಕ್ಕವರಿಗೆ ಇಲ್ಲ. ಶುಕ್ರವಾರದಿಂದ ಬುಧವಾರ ಆರು ದಿನ, ಆರು ಜನ: 252 ಡಾಲರ್. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ (ಅಮೆರಿಕದ ನಿವಾಸಿಗಳಿಗೆ 80 ಡಾಲರ್) ಹೊಂದಿದವರಿಗೂ ಜೊತೆಗಿನ ಮೂವರು ದೊಡ್ಡವರಿಗೂ ಸಲ್ಲುತ್ತದೆ, ಹಾಗಾಗಿ ಎರಡು ಪಾಸ್ ತಂದರೆ 160ಕ್ಕೆ ಮುಗಿಯಿತು. ಹಡಗಿನ ಟಿಕೆಟ್ ಇದರಲ್ಲಿ ಸೇರಿಲ್ಲ. ದರ ಬದಲಾಗಿದೆಯೇ ಅಂತ ಉದ್ಯಾನದ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಚಾರಣಚಟ:
ನೀರಿನ ಪ್ರಶ್ನೆಗೆ ಯಾರೂ ಬರಲಿಲ್ಲ, ಅದೇ ಇಲ್ಲಿ ಅಪಾಯದ ವಿಷಯ. ಯುವಿ ಪೆನ್ ಮನೆಯಲ್ಲೇ ಬಿಡಿ. ಕ್ಲೋರಿನ್, ಅಯೋಡಿನ್ ಮಾತ್ರೆಯೂ ಸಾಲದು.

ದ್ವೀಪದಲ್ಲಿ ತೋಳಗಳೂ ಮೂಸ್‌ಗಳೂ (ಜಿಂಕೆ ಜಾತಿಯ ಭಾರೀ ಪ್ರಾಣಿ) ಇವೆ. ಎಕಿನೊಕಾಕಸ್ ಎಂಬ ಲಾಡಿಹುಳು ಇವೆರಡರ ನಡುವೆ ಸುತ್ತುತ್ತಿರುತ್ತದೆ. ತೋಳದ ಮಲದಲ್ಲಿ ಮೊಟ್ಟೆ ಹೊರಬರುತ್ತದೆ, ನೀರು ಸೊಪ್ಪಿನ ಮೂಲಕ ಮೂಸ್‌ನ ಹೊಟ್ಟೆ ಸೇರುತ್ತದೆ, ಆ ಮೂಸ್ ಅನ್ನು ತೋಳ ತಿಂದಾಗ ಚಕ್ರ ಪೂರ್ತಿ. ನಡುವೆ ಮನುಷ್ಯ ಆ ನೀರು ಕುಡಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗಂಟು ಬೆಳೆಯಬಹುದು, ಅದೂ ವರ್ಷಗಟ್ಟಲೆ ಸುಳಿವೇ ಇಲ್ಲದೆ. ಮೊಟ್ಟೆಯ ಕವಚ ಗಟ್ಟಿ, ರಾಸಾಯನಿಕಕ್ಕೂ ಯುವಿ ಬೆಳಕಿಗೂ ಜಗ್ಗುವುದಿಲ್ಲ. 0.4 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರ್, ಇಲ್ಲವೇ ಚೆನ್ನಾಗಿ ಕುದಿಸುವುದು, ಇವೆರಡೇ ದಾರಿ. ರಾಕ್ ಹಾರ್ಬರ್ ಮತ್ತು ವಿಂಡಿಗೊದಲ್ಲಿ ಋತುವಿನಲ್ಲಿ ಶುದ್ಧೀಕರಿಸಿದ ನಲ್ಲಿ ನೀರು ಸಿಗುತ್ತದೆ, ಬೇರೆಲ್ಲೂ ಇಲ್ಲ.

ಎಂಟು ಜನಕ್ಕೆ ಕುಡಿಯಲು 24 ಲೀಟರ್, ಅಡುಗೆಗೆ 8, ದಿನಕ್ಕೆ 32 ಲೀಟರ್ ಅಂದುಕೊಳ್ಳಿ. ಅಷ್ಟನ್ನು ಕೈಯಲ್ಲಿ ಹಿಂಡುವ ಫಿಲ್ಟರ್‌ನಿಂದ ತೆಗೆಯಹೋದರೆ ಸಂಜೆಯೆಲ್ಲ ಅದೇ ಕೆಲಸ. ಮರಕ್ಕೆ ತೂಗುಹಾಕಿದರೆ ತಾನೇ ಸೋಸಿಕೊಳ್ಳುವ 4-6 ಲೀಟರಿನ ಚೀಲದ ಫಿಲ್ಟರ್ ಒಂದು, ಅದು ಕೈಕೊಟ್ಟರೆ ಇರಲಿ ಅಂತ ಹಿಂಡುವ ಫಿಲ್ಟರ್ ಒಂದು. ದಿನಕ್ಕೊಮ್ಮೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಿರಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಧಾರೆ ಸಣ್ಣಗಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಹೋಗುವವರು ಫಿಲ್ಟರ್ ಅನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಬೇಕು. ಒಳಗಿನ ಎಳೆಗಳಲ್ಲಿ ನೀರು ಹೆಪ್ಪುಗಟ್ಟಿದರೆ ಅವು ಸೀಳುತ್ತವೆ, ಸೀಳಿದ್ದು ಹೊರಗಿನಿಂದ ಕಾಣುವುದೂ ಇಲ್ಲ.

ಒಳನಾಡಿನ ಕೆರೆಗಳಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಂಡರೆ ಆ ನೀರು ಮುಟ್ಟಬೇಡಿ. ಆ ವಿಷ ಫಿಲ್ಟರಿಗೂ ಕುದಿಸುವುದಕ್ಕೂ ಹೋಗುವುದಿಲ್ಲ. ನಿಮ್ಮ ಮೂರೂ ಶಿಬಿರ ಸುಪೀರಿಯರ್ ದಡದಲ್ಲೇ ಇರುವುದರಿಂದ ಈ ತಾಪತ್ರಯ ಕಡಿಮೆ.

ಅವಲಕ್ಕಿ_ಅಡಿಗೆ:
ಊಟದ್ದು ನನಗೆ ಬಿಡಿ.

ಒಣ ತೂಕ ದೊಡ್ಡವರಿಗೆ ದಿನಕ್ಕೆ 650 ಗ್ರಾಂ, ಮಕ್ಕಳಿಗೆ 450. ಆರು ದಿನಕ್ಕೆ ಒಟ್ಟು ಸುಮಾರು 29 ಕಿಲೋ. ಅದರ ಮೇಲೆ ಒಂದು ದಿನದ ಊಟ ಹೆಚ್ಚುವರಿ, ಹಡಗು ತಡವಾದರೆ ಬೇಕು. ಅಂಗಡಿ ರಾಕ್ ಹಾರ್ಬರ್‌ನಲ್ಲಿದೆ, ಆದರೆ ಸಸ್ಯಾಹಾರಿಗಳಿಗೆ ಅಲ್ಲಿ ಹೆಚ್ಚೇನೂ ಇರುವುದಿಲ್ಲ.

ಬೆಳಿಗ್ಗೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ತರಿಯಾಗಿ ಪುಡಿಮಾಡಿ, ಒಣ ಹುಣಸೆಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಉಪ್ಪು, ಒಣ ಕೊಬ್ಬರಿ ಸೇರಿಸಿ ತಲೆಗೆ 90 ಗ್ರಾಂನಂತೆ ಚೀಲ ಕಟ್ಟಿ. ಫಿಲ್ಟರ್ ಮಾಡಿದ ತಣ್ಣೀರು ಹಾಕಿ ಕಾಲು ಗಂಟೆ ಬಿಟ್ಟರೆ ಮುಗಿಯಿತು, ಒಲೆ ಹಚ್ಚುವುದೇ ಬೇಡ. ಒಗ್ಗರಣೆಯ ಶೇಂಗಾವನ್ನು ಬೇರೆ ಚೀಲದಲ್ಲಿಡಿ, ಸೇರಿಸಿಟ್ಟರೆ ಮೆತ್ತಗಾಗುತ್ತದೆ.

ಮಧ್ಯಾಹ್ನ ಟಾರ್ಟಿಯ್ಯಾ, ಚಟ್ನಿಪುಡಿ, ಸಣ್ಣ ಬಾಟಲಿಯಲ್ಲಿ ತುಪ್ಪ. ಮನೆಯ ಚಪಾತಿ ಎರಡನೇ ದಿನದ ಆಚೆ ನಂಬಬೇಡಿ. ಜೊತೆಗೆ ಚಿಕ್ಕಿ, ಹುರಿಗಡಲೆ, ಖರ್ಜೂರ.

ರಾತ್ರಿ ಉಪ್ಪಿಟ್ಟು: ಎಣ್ಣೆ ಒಗ್ಗರಣೆಯಲ್ಲೇ ಹುರಿದಿಟ್ಟ ರವೆ ತಲೆಗೆ 100 ಗ್ರಾಂ, ನೀರು 275 ಮಿಲಿ, ಒಣಗಿಸಿದ ತರಕಾರಿ ಹಿಡಿಯಷ್ಟು. ನೀರು ಕುದಿದ ಮೇಲೆ ರವೆ ಹಾಕಿ, ಒಲೆ ಆರಿಸಿ, ಮುಚ್ಚಿ ಟವೆಲ್ ಸುತ್ತಿ ಹತ್ತು ನಿಮಿಷ. ತೊಗರಿಬೇಳೆ ತರಬೇಡಿ, ಬೇಯಿಸಲು ಗ್ಯಾಸ್ ಸಾಲದು. ತಿಳಿಸಾರಿಗೆ ಬೇಯಿಸಿ ಒಣಗಿಸಿದ ಬೇಳೆ ಪುಡಿ ಸಾಕು. ಮತ್ತೆ, ಯಾರೋ ಒಬ್ಬರು ಕೇಳೇ ಕೇಳುತ್ತಾರೆ: ಕುಕ್ಕರ್ ಬೇಡ.

ಗ್ಯಾಸ್: ಬೆಳಗಿನ ಚಹಾ, ರಾತ್ರಿಯ ಅಡುಗೆ, ಮಲಗುವ ಮುನ್ನ ಬಿಸಿ ಹಾಲಿನ ಪುಡಿ ಸೇರಿ ದಿನಕ್ಕೆ 8 ಲೀಟರ್ ಕುದಿಸುತ್ತೀರಿ. ಗಾಳಿ ಇರುವಲ್ಲಿ ಲೀಟರಿಗೆ 18-20 ಗ್ರಾಂ ಹಿಡಿದರೆ ದಿನಕ್ಕೆ 150 ಗ್ರಾಂ, ಐದು ರಾತ್ರಿಗೆ 750. ಹಾಗಾಗಿ 450 ಗ್ರಾಂನ ಎರಡು ಡಬ್ಬಿ, ಎರಡು ಒಲೆ. ಕುಡಿಯುವ ನೀರನ್ನೂ ಕುದಿಸುತ್ತೇನೆಂದರೆ ಈ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಹಡಗಿನಲ್ಲಿ ಇಂಧನ ಒಯ್ಯುವ ನಿಯಮವನ್ನು ಟಿಕೆಟ್ ಜೊತೆಗೇ ಕೇಳಿ. ಸೀಪ್ಲೇನ್‌ನಲ್ಲಿ ಬಿಡುವುದಿಲ್ಲ, ದ್ವೀಪದ ಅಂಗಡಿಯಲ್ಲೇ ಕೊಳ್ಳಬೇಕು. ಕಟ್ಟಿಗೆ ಒಲೆ ಹೂಡುತ್ತೇವೆ ಅನ್ನಬೇಡಿ, ಬೆಂಕಿಗೆ ಅನುಮತಿ ಇರುವ ಶಿಬಿರಗಳು ಕೆಲವೇ.

ಪಾತ್ರೆ ತೊಳೆದ ನೀರನ್ನು ಕೆರೆಯಿಂದ 200 ಅಡಿ ದೂರ ಚೆಲ್ಲಿ, ಕರಿಬೇವಿನ ಎಲೆ, ಸಾಸಿವೆ ಸೋಸಿ ಕಸದ ಚೀಲಕ್ಕೆ ಹಾಕಿ. ಕಿತ್ತಳೆ ಸಿಪ್ಪೆ ಸಮೇತ ಎಲ್ಲ ಕಸ ವಾಪಸ್ ಹೊರಬೇಕು.

ತುಂಗಾತೀರ:
ಕುಕ್ಕರ್ ಪ್ರಶ್ನೆ ನಮ್ಮ ಗುಂಪಿನಲ್ಲಿ ಆಗಲೇ ಬಂದಿತ್ತು, ಧನ್ಯವಾದ. ತೋಳ, ಕರಡಿ ಭಯ? ಮಕ್ಕಳ ಅಜ್ಜಿಗೆ ಉತ್ತರ ಕೊಡಬೇಕು.

ಸುಪೀರಿಯರ್_ಸೀನ:
ಕರಡಿ ಈ ದ್ವೀಪದಲ್ಲಿ ಇಲ್ಲ. ತೋಳಗಳು 1940ರ ದಶಕದ ಕೊನೆಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಬಂದವು, 1958ರಿಂದ ಅವುಗಳ ಮತ್ತು ಮೂಸ್‌ಗಳ ಅಧ್ಯಯನ ನಡೆದೇ ಇದೆ. ತೋಳಗಳು ಎರಡಕ್ಕೆ ಇಳಿದಾಗ 2018-19ರಲ್ಲಿ ಹೊರಗಿನಿಂದ 19 ತಂದು ಬಿಟ್ಟರು. ಮನುಷ್ಯರ ಕಣ್ಣಿಗೆ ಅವು ಬೀಳುವುದೇ ಅಪರೂಪ. ಎಚ್ಚರ ಬೇಕಿರುವುದು ಮೂಸ್‌ನಿಂದ, ಅದರಲ್ಲೂ ಮರಿ ಜೊತೆಗಿದ್ದರೆ, ಮತ್ತು ಸೆಪ್ಟೆಂಬರ್‌ನ ಬೆದೆಗಾಲದಲ್ಲಿ ಗಂಡು ಮೂಸ್‌ನಿಂದ. ದಾರಿಯಲ್ಲಿ ನಿಂತಿದ್ದರೆ ನಡುವೆ ದೊಡ್ಡ ಮರ ಬರುವಂತೆ ಸರಿದು ಕಾಯಿರಿ, ಫೋಟೋಗೆ ಹತ್ತಿರ ಹೋಗಬೇಡಿ.

ದಿನನಿತ್ಯದ ಕಳ್ಳ ಅಂದರೆ ಕೆಂಪು ನರಿ. ಊಟ ಮಾತ್ರ ಅಲ್ಲ, ಹೊರಗೆ ಬಿಟ್ಟ ಬೂಟನ್ನೂ ಕಚ್ಚಿಕೊಂಡು ಹೋಗುತ್ತದೆ, ಬೆವರಿನ ಉಪ್ಪಿನಾಸೆಗೆ. ಏಳು ಮೈಲಿ ಚಪ್ಪಲಿಯಲ್ಲಿ ನಡೆಯಬೇಕಾದೀತು. ನಾಯಿ, ಬೆಕ್ಕು ತರುವಂತಿಲ್ಲ, ಸ್ವಂತ ದೋಣಿಯೊಳಗೆ ಇಟ್ಟುಕೊಂಡರೂ ನಿಷಿದ್ಧ. ಡ್ರೋನ್ ಕೂಡ. ಹಸಿರುಕಲ್ಲು ಕಂಡರೆ ಮಕ್ಕಳು ಜೇಬಿಗೆ ಹಾಕಿಕೊಳ್ಳದಂತೆ ಮೊದಲೇ ಹೇಳಿ.

ಚಾರಣಚಟ:
ಆಗಸ್ಟ್‌ನಲ್ಲಿ ಕಪ್ಪುನೊಣ ಹೋಗಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ. ದಾರಿ ಬದಿಗೆ ಬ್ಲೂಬೆರಿ, ಥಿಂಬಲ್‌ಬೆರಿ ಹಣ್ಣಾಗಿರುತ್ತವೆ, ತಿನ್ನಬಹುದು. ಹಗಲು 20-25 ಡಿಗ್ರಿ ಇದ್ದರೂ ರಾತ್ರಿ 5ರ ಹತ್ತಿರ ಇಳಿಯಬಹುದು, ಮಲಗುಚೀಲ 0 ಡಿಗ್ರಿಗೆ ಆಗುವಂಥದ್ದು ಇರಲಿ. ಹತ್ತಿ ಬಟ್ಟೆ ಬೇಡ. ಸರೋವರದಲ್ಲಿ ಈಜುತ್ತೇವೆ ಅನ್ನುವ ಮಕ್ಕಳನ್ನು ಮೊಣಕಾಲುದ್ದಕ್ಕೆ ನಿಲ್ಲಿಸಿ, ನೀರು ಬೇಸಿಗೆಯಲ್ಲೂ ಮರಗಟ್ಟಿಸುವಷ್ಟು ತಂಪು.

ಹಡಗು ದೊಡ್ಡದಾದರೂ ತೂಗಾಟ ತಪ್ಪಿದ್ದಲ್ಲ. ವಾಂತಿ ಮಾತ್ರೆಯನ್ನು ಹತ್ತುವುದಕ್ಕೆ ಒಂದು ಗಂಟೆ ಮುಂಚೆ ನುಂಗಬೇಕು, ತಲೆ ತಿರುಗಿದ ಮೇಲೆ ಪ್ರಯೋಜನವಿಲ್ಲ. ಮಕ್ಕಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ದ್ವೀಪದಲ್ಲಿ ಆಸ್ಪತ್ರೆ ಇಲ್ಲ, ಸಹಾಯ ಬರಲು ಗಂಟೆಗಳೇ ಹಿಡಿಯುತ್ತವೆ, ಆದ್ದರಿಂದ ಉಪಗ್ರಹ ಸಂದೇಶದ ಸಾಧನ ಒಂದನ್ನು ಬಾಡಿಗೆಗೆ ತನ್ನಿ.

ತುಂಗಾತೀರ:
ಹಾಗಾದರೆ ಹೀಗೆ: ಮೊದಲು ಎಂಟು ಜನರ ಗುಂಪು ಪರವಾನಗಿ, ಅದು ಸಿಕ್ಕ ಶುಕ್ರವಾರಕ್ಕೆ ರೇಂಜರ್ 3. ಥ್ರೀ ಮೈಲ್ 1, ಡೇಸಿ ಫಾರ್ಮ್ 3, ರಾಕ್ ಹಾರ್ಬರ್ 1. ಮಿನಿಯಾಪೊಲಿಸ್‌ನವರು ಗುರುವಾರವೇ ಹೋಟನ್‌ಗೆ ಬರುತ್ತಾರೆ. ಮುಂದಿನ ವಾರದ ಗುರುವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ವಾಪಸ್.

ನಕ್ಷೆನೋಡುಗ:
ಎಲ್ಲ ಸರಿ, ಕೊನೆಯದೊಂದು ಬಿಟ್ಟು. ಬುಧವಾರ ಮಧ್ಯಾಹ್ನ ಹೋಟನ್ ತಲುಪಿ, ಅಲ್ಲಿಂದ ಷಿಕಾಗೊಗೆ ಏಳು ಗಂಟೆ ಕಾರು. ಗಾಳಿ ಎದ್ದು ಹಡಗು ಒಂದು ದಿನ ತಡೆದರೆ ಗುರುವಾರ ಹೋಯಿತು. ರಜೆಯನ್ನು ಶುಕ್ರವಾರದವರೆಗೆ ಹಾಕಿ. ಮತ್ತೆ ಗುಂಪು ಪರವಾನಗಿ ಕೇಳುವಾಗ ಒಂದೇ ದಿನಾಂಕ ಕೊಡಬೇಡಿ, ಹಿಂದಿನ ಮುಂದಿನ ಎರಡು ಶುಕ್ರವಾರವನ್ನೂ ಸೇರಿಸಿ ಮೂರು ಕೊಡಿ.